ಅಳತೆಯ ಕೆಳಮಿತಿ ಮತ್ತು ಮೇಲ್ಮಿತಿ

ಈಚೆಗೆ ಒಂದು ಗ್ರಾಮದಲ್ಲಿ ರಾಗಿಯ ಬೆಳೆ ಕಟಾವು ಪ್ರಯೋಗವನ್ನು ನಡೆಸುತ್ತಿದ್ದಾಗ ಹೊಲದ ಯಜಮಾನರು, “ಸ್ವಾಮಿ, ಮುಳ್ಳು ನಾಲ್ಕಕ್ಕಿಂತ ಕೊಂಚ ಕೆಳಗಿದೆ, ತಾವು ನಾಲ್ಕೆಂದೇ ಬರೆದಿರಲ್ಲ” ಎಂದು ಆಕ್ಷೇಪಿಸಿದರು. ಆ ಸ್ಪ್ರಿಂಗ್ ತಕ್ಕಡಿಯಲ್ಲಿ ಅರ್ಧ ಕಿಲೋಗ್ರಾಮಿಗೊಂದು ಗೀಟು. ನಾನು ಹತ್ತಿರದ ಗೀಟನ್ನು ಬರೆದಿದ್ದೆನು. ಮಾತು ಅಲ್ಪವೆಂದು ಆಗ ನನಗೆ ತೋರಿತು. ಲೆಕ್ಕ ಹಾಕಿ ನೋಡಲಾಗಿ ಅಲ್ಪವಲ್ಲವೆಂದು ಗೊತ್ತಾಯಿತು.

ಹತ್ತಿರದ ಗೀಟಿಗೆ ಸರಿಹೊಂದಿಸಿ ಬರೆದ ಅಳತೆಯ ನಿಜಬೆಲೆಯು ಗೀಟಿನಂತರದ ಅರ್ಧದಷ್ಟು ಕೆಳಗೋ ಮೇಲೋ ಇರಬಹುದು. ಆದ್ದರಿಂದ 4 ಕಿಲೋಗ್ರಾಮಿನ ಕೆಳಮಿತಿಯು 3.75, ಮೇಲ್ಮಿತಿಯು 4.25. ಕಟಾವಿನ ತಾಕು 5 ಮೀಟರು ಉದ್ದ, 5 ಮೀಟರು ಅಗಲ. ಹೆಕ್ಟೇರಿನಲ್ಲಿ ಅಂಥ 400 ತಾಕುಗಳಿರುವುದರಿಂದ ತಕ್ಕಡಿಯ ಕಾಲು ಕಿಲೋ ಹೆಕ್ಟೇರಿಗೆ 100 ಕಿಲೋ ಆಗುವುದು!

ತಾಕಿನ ಅಳತೆಯೂ ಇಂಥದೇ. ಹತ್ತು ಸೆಂಟಿಮೀಟರಿಗೊಂದು ಗಂಟುಳ್ಳ ಹಗ್ಗದಿಂದ ಅಳೆದ 5 ಮೀಟರು 4.95ರಿಂದ 5.05ರವರೆಗೆ ಇರಬಹುದು. ಬದಿಗಳನ್ನು ಗುಣಿಸುವಾಗ ಕೆಳಮಿತಿಯನ್ನು ಕೆಳಮಿತಿಯಿಂದಲೂ ಮೇಲ್ಮಿತಿಯನ್ನು ಮೇಲ್ಮಿತಿಯಿಂದಲೂ ಗುಣಿಸಬೇಕು, ಕ್ಷೇತ್ರವು 24.5025ರಿಂದ 25.5025 ಚದರ ಮೀಟರು. (ಕರ್ಣವು 7.07 ಮೀಟರಿಲ್ಲದಿದ್ದರೆ ತಾಕು ಚೌಕವೇ ಅಲ್ಲ. ಆ ತಪ್ಪು ಬೇರೆ.)

ಇಳುವರಿಯನ್ನು ಕಾಣಲು ತೂಕವನ್ನು ಕ್ಷೇತ್ರದಿಂದ ಭಾಗಿಸಬೇಕಷ್ಟೆ. ಇಲ್ಲಿಯೇ ಬಹುಮಂದಿ ಎಡವುವರು. ಅತ್ಯಂತ ಕಡಮೆ ಇಳುವರಿ ಬರುವುದು ಕಡಮೆ ತೂಕವನ್ನು ಹೆಚ್ಚಿನ ಕ್ಷೇತ್ರದಿಂದ ಭಾಗಿಸಿದಾಗ. ಅತ್ಯಂತ ಹೆಚ್ಚಿನದು, ಹೆಚ್ಚು ತೂಕವನ್ನು ಕಡಮೆ ಕ್ಷೇತ್ರದಿಂದ ಭಾಗಿಸಿದಾಗ. ಹೀಗೆ ಹೆಕ್ಟೇರಿಗೆ 1,470ರಿಂದ 1,735 ಕಿಲೋ ಎಂದಾಯಿತು. ಉತ್ತರದ ಕೆಳಮಿತಿಯನ್ನು ಕೆಳಕ್ಕೂ ಮೇಲ್ಮಿತಿಯನ್ನು ಮೇಲಕ್ಕೂ ಸರಿಹೊಂದಿಸತಕ್ಕದ್ದು. ನನ್ನ ಪುಸ್ತಕದಲ್ಲಿದ್ದುದಾದರೋ 1,600 ಎಂಬ ಒಂದೇ ಅಂಕಿ.

ಮರುದಿನ ಹತ್ತು ಗ್ರಾಮಿನವರೆಗೆ ತೋರುವ ತಕ್ಕಡಿಯನ್ನು ತರಿಸಿ, ಕಟ್ಟಿಟ್ಟಿದ್ದ ಅದೇ ಕಾಳನ್ನು ತೂಗಿದೆನು: 3.87 ಕಿಲೋ. ಕೀಳದೆ ಬಿಟ್ಟಿದ್ದ ಗೂಟಗಳ ಅಂತರವನ್ನು ಸೆಂಟಿಮೀಟರಿನ ಪಟ್ಟಿಯಿಂದ ಅಳೆದಾಗ 5.00 ಮೀಟರೇ ಬಂದಿತು. ಈಗ ಮಿತಿಗಳು 1,542 ಮತ್ತು 1,554.

2016ನೇ ಇಸವಿಯಲ್ಲಿ ಆರಂಭವಾದ ಫಸಲ್ ಬಿಮಾ ಯೋಜನೆಯಲ್ಲಿ ಇಂಥ ಹಲವು ಕಟಾವುಗಳ ಸರಾಸರಿಯನ್ನು, ಮುಂಚೆ ಗೊತ್ತುಮಾಡಿದ ಇಳುವರಿಯೊಡನೆ ಹೋಲಿಸಿ ಪರಿಹಾರವನ್ನು ನಿರ್ಧರಿಸುವರು. ಆ ಗೊತ್ತಾದ ಇಳುವರಿಯು 1,580 ಎಂದಿಟ್ಟುಕೊಳ್ಳಿರಿ. ನಾನು ಮೊದಲು ಬರೆದ ಅಂಕಿಯ ಪ್ರಕಾರ ಆ ಹೊಲದಲ್ಲಿ ನಷ್ಟವಿಲ್ಲ, ನಿಜಸ್ಥಿತಿಯಲ್ಲಿ ಉಂಟು. ಕಟಾವುಗಳು ಹೆಚ್ಚಿದಷ್ಟೂ ಹೆಚ್ಚುಕಡಮೆಗಳು ಒಂದನ್ನೊಂದು ಬಹುಮಟ್ಟಿಗೆ ಕಳೆಯುವುವು, ದಿಟ. ಆದರೆ ಬರೆಯುವವನು ಪ್ರತಿಸಲವೂ ಮೇಲಕ್ಕೇ ಸರಿಹೊಂದಿಸುತ್ತಿದ್ದರೆ ಕಳೆಯುವುದಿಲ್ಲ. ಆದ್ದರಿಂದ ಕಟಾವಿನ ಸಮಯದಲ್ಲಿ ರೈತರು ಎದುರಿಗಿದ್ದು, ತಕ್ಕಡಿಯ ಗೀಟು ಎಷ್ಟರದೆಂದು ಕೇಳಿ, ಅದನ್ನೂ ತೂಕದ ಪಕ್ಕದಲ್ಲಿ ಬರೆಯಿಸಬೇಕು.