‘ಟಯರ್ ಒಡೀತು’ ಎಂದು ಬರೆದುಕೊಡುವ ಮುನ್ನ

ಇನ್ಶೂರೆನ್ಸ್ ಕ್ಲೇಮ್ ಫಾರಂನಲ್ಲಿ ‘ಅಪಘಾತ ಹೇಗಾಯಿತು’ ಎಂದು ಕೇಳಿ ಎರಡು ಗೆರೆ ಜಾಗ ಬಿಟ್ಟಿರುತ್ತಾರೆ. ದಾಂಡೇಲಿ, ಹಳಿಯಾಳ ಕಡೆಯ ಕಕ್ಷಿದಾರರು ಕಾಗದದ ಕಟ್ಟು ಹಿಡಿದು ಬಂದಾಗ ನಾನು ಮೊದಲು ಹುಡುಕುವುದು ಆ ಎರಡು ಗೆರೆಯನ್ನೇ. ಅಲ್ಲಿ ಮತ್ತೆ ಮತ್ತೆ ಸಿಗುವ ಮಾತು: ‘ಟಯರ್ ಒಡೆದು ಗಾಡಿ ಕಂಟ್ರೋಲ್ ತಪ್ಪಿತು.’ ಸಹಿ ಮಾತ್ರ ಕಕ್ಷಿದಾರರದ್ದು, ಅಕ್ಷರ ಏಜೆಂಟನದ್ದು. ಯಾಕೆ ಹೀಗೆ ಬರೆಸಿದಿರಿ ಅಂದರೆ, “ಹಂಗ ಬರದ್ರ ಯಾರ ತಪ್ಪೂ ಅಲ್ಲಂತ ಆಗ್ತೈತಿ ಅಂದ್ರು ಸಾಹೇಬ್ರ” ಎನ್ನುತ್ತಾರೆ.

ಆಗುವುದು ಅದರ ಉಲ್ಟಾ. ಯಾರ ತಪ್ಪೂ ಅಲ್ಲ ಎಂದು ನೀವು ಬರೆದದ್ದನ್ನು ಕಂಪನಿ ‘ತಪ್ಪು ನನ್ನದೇ’ ಎಂದು ಓದಿಕೊಳ್ಳುತ್ತದೆ. ಜೋಯಿಡಾ ಕಡೆಯವರೊಬ್ಬರ ಕಾರಿಗೆ ಮಳೆಯ ರಾತ್ರಿ ಕಾಡುಕೋಣ ಅಡ್ಡ ಬಂತು. ಬ್ರೇಕ್ ಹಾಕಿದರು, ಕಾರು ಜಾರಿ ಗಟಾರಕ್ಕಿಳಿದು ಕಲ್ಲಿಗೆ ಬಡಿದು ಟಯರ್ ಒಡೆಯಿತು. ಫಾರಂನಲ್ಲಿ ಕಾಡುಕೋಣವೇ ಇಲ್ಲ. ಟಯರ್ ಒಡೆದದ್ದೇ ಕಾರಣವಾಗಿ ಕೂತಿತ್ತು. ಸರ್ವೇಯರ್ ಸವೆದ ಟಯರಿನ ಫೋಟೋ ತೆಗೆದ. ‘ಗಾಡಿಯನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳತಕ್ಕದ್ದು’ ಎಂಬ ಪಾಲಿಸಿಯ ಷರತ್ತು ತೋರಿಸಿ ಕಂಪನಿ ಕ್ಲೇಮನ್ನೇ ತಳ್ಳಿಹಾಕಿತು. ಏಜೆಂಟ್ ಫೋನೆತ್ತುವುದನ್ನು ನಿಲ್ಲಿಸಿದ.

ಟಯರ್ ಒಡೆಯುವುದು ದೈವೇಚ್ಛೆ ಎಂಬ ವಾದವನ್ನು ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ. 2010ರಲ್ಲಿ ಪುಣೆಯಿಂದ ಮುಂಬೈಗೆ ಹೊರಟಿದ್ದ ಕಾರಿನ ಟಯರ್ ಒಡೆದು ಪ್ರಯಾಣಿಕರೊಬ್ಬರು ತೀರಿಕೊಂಡರು. ಪರಿಹಾರ ತಪ್ಪಿಸಿಕೊಳ್ಳಲು ವಿಮಾ ಕಂಪನಿಯೇ ಈ ವಾದ ಹೂಡಿತ್ತು. ವೇಗ, ಗಾಳಿ ಹೆಚ್ಚುಕಡಿಮೆ, ಹಳೆಯ ಟಯರ್ ಇವೆಲ್ಲ ಮನುಷ್ಯನ ನಿರ್ಲಕ್ಷ್ಯವೇ ಎಂದು 2023ರಲ್ಲಿ ಬಾಂಬೆ ಹೈಕೋರ್ಟ್ ಹೇಳಿ, ಸುಮಾರು 1.25 ಕೋಟಿ ರೂಪಾಯಿ ಪರಿಹಾರವನ್ನು ಎತ್ತಿಹಿಡಿಯಿತು. ಆ ತೀರ್ಪು ನಮ್ಮ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಕೈ ಕಟ್ಟುವುದಿಲ್ಲ, ನಿಜ. ಎದುರು ವಕೀಲರು ಅದನ್ನು ಎತ್ತದೆ ಬಿಡುವುದೂ ಇಲ್ಲ.

ಹಾಗಾದರೆ ಟಯರ್ ಯಾವಾಗ ಬದಲಿಸಬೇಕು? ಕೇಂದ್ರ ಮೋಟಾರು ವಾಹನ ನಿಯಮ 94ರ ಪ್ರಕಾರ ಕಾರಿನ ಟಯರ್ ಗ್ರಿಪ್ 1.6 ಮಿ.ಮೀ.ಗಿಂತ, ಬೈಕ್ ಮತ್ತು ರಿಕ್ಷಾದ್ದು 0.8 ಮಿ.ಮೀ.ಗಿಂತ ಕಡಿಮೆ ಇರಬಾರದು. ಅಳತೆಪಟ್ಟಿ ಬೇಡ. ಟಯರಿನ ಅಂಚಿನಲ್ಲಿ ಸಣ್ಣ ತ್ರಿಕೋನ ಅಥವಾ ಟಿಡಬ್ಲ್ಯುಐ ಎಂಬ ಅಕ್ಷರ ಹುಡುಕಿ, ಅದರ ನೇರಕ್ಕೆ ಗ್ರಿಪ್ ಸಂದಿಯೊಳಗೆ ಬೆರಳಾಡಿಸಿ. ಅಲ್ಲೊಂದು ಚಿಕ್ಕ ರಬ್ಬರ್ ದಿಬ್ಬ ತಾಗುತ್ತದೆ. ಗ್ರಿಪ್ ಅದರ ಮಟ್ಟಕ್ಕೆ ಇಳಿದರೆ ಟಯರ್ ಮುಗಿಯಿತು. ಒಳಗಿನ ಅಂಚನ್ನೂ ನೋಡಿ. ಅಲೈನ್‌ಮೆಂಟ್ ತಪ್ಪಿದ ಗಾಡಿಯಲ್ಲಿ ಹೊರಗೆ ಹೊಸದರಂತಿದ್ದು ಒಳಗೆ ಬೋಳಾಗಿರುತ್ತದೆ. ಗ್ರಿಪ್ ಇದ್ದರೂ ನೂಲು ಕಾಣಿಸಿದರೆ, ಪಕ್ಕ ಬಿಟ್ಟುಕೊಳ್ಳುತ್ತಿದ್ದರೆ ಅದೂ ನಿಯಮಕ್ಕೆ ವಿರುದ್ಧ. ಅಣಶಿ ಘಾಟಿನ ಮಳೆಗೆ 1.6 ಸಾಲದು ಎಂಬುದು ಬೇರೆ ಮಾತು. ಕಾನೂನು ಹೇಳುವುದು ಕನಿಷ್ಠವನ್ನು ಮಾತ್ರ.

ಇಂಥ ಟಯರಿನಲ್ಲಿ ಗಾಡಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ ಕಲಂ 190ರಡಿ ದಂಡ 1,500 ರೂಪಾಯಿವರೆಗೆ. ಆ ದೋಷದಿಂದ ಅಪಘಾತವಾಗಿ ಯಾರಿಗಾದರೂ ಪೆಟ್ಟಾದರೆ ಮೂರು ತಿಂಗಳವರೆಗೆ ಜೈಲು ಅಥವಾ 5,000ದವರೆಗೆ ದಂಡ, ಎರಡೂ ಆಗಬಹುದು. ‘ಗೊತ್ತಿರಲಿಲ್ಲ’ ಎಂದರೆ ನಡೆಯದು. ಸಾಮಾನ್ಯ ಎಚ್ಚರಿಕೆಯಿಂದ ಗೊತ್ತಾಗಬಹುದಿತ್ತೇ ಎಂಬುದೇ ಪ್ರಶ್ನೆ. ಡ್ರೈವರನನ್ನು ಕಳಿಸಿದ ಮಾಲೀಕನಿಗೂ ಇದು ಅನ್ವಯ. ‘ಎಫ್‌ಸಿ ಆಗೇತಲ್ರೀ’ ಎನ್ನುವ ಹಳದಿ ಬೋರ್ಡಿನವರು ಕೇಳಿಸಿಕೊಳ್ಳಿ: ಎಫ್‌ಸಿ ದಿನಕ್ಕಷ್ಟೇ ಒಳ್ಳೆ ಟಯರ್ ಹಾಕಿಸಿ ಮರುದಿನ ಬಿಚ್ಚಿಸುವ ಏಜೆಂಟರೂ, ಕಂಡೂ ಕಾಣದಂತಿರುವ ಅಧಿಕಾರಿಗಳೂ ನಿಮ್ಮ ಜೊತೆ ಕಟಕಟೆಗೆ ಬರುವುದಿಲ್ಲ.

ಅಪಘಾತವಾದರೆ ಟೋಯಿಂಗ್‌ಗೆ ಮೊದಲೇ ನಾಲ್ಕೂ ಟಯರಿನ ಫೋಟೋ ತೆಗೆಯಿರಿ, ರಸ್ತೆ ಮೇಲಿನ ಬ್ರೇಕ್ ಗುರುತಿನದ್ದೂ. ಒಡೆದ ಟಯರನ್ನು ಗ್ಯಾರೇಜಿನವರು ಗುಜರಿಗೆ ಹಾಕದಂತೆ ನೋಡಿಕೊಳ್ಳಿ. ಮಹಜರು ಮತ್ತು ಬ್ರೇಕ್ ಇನ್ಸ್‌ಪೆಕ್ಟರ್ ವರದಿಯ ನಕಲು ಪಡೆಯಿರಿ. ‘ನಾಳೆ ಬಾ’ ಎಂದರೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಬಾಯಿಮಾತಿಗೆ ಆಫೀಸಿನಲ್ಲಿ ಬೆಲೆ ಇಲ್ಲ. ಕಂಪನಿಗೆ ಕೂಡಲೇ ತಿಳಿಸಿ. ಫಾರಂ ನೀವೇ ತುಂಬಿ: ಮೊದಲು ಏನಾಯಿತು, ಆಮೇಲೆ ಏನಾಯಿತು. ಹಾಗಂತ ಇಲ್ಲದ ಕಾಡುಕೋಣವನ್ನು ಕರೆತರಬೇಡಿ. ಸುಳ್ಳು ಸಿಕ್ಕಿಬಿದ್ದರೆ ಇಡೀ ಕ್ಲೇಮ್ ಹೋಗುತ್ತದೆ. ಖಾಲಿ ಫಾರಂಗೆ ಸಹಿ ಮಾತ್ರ ಬೇಡವೇ ಬೇಡ, ಏಜೆಂಟ್ ಸೋದರಮಾವನೇ ಆಗಿದ್ದರೂ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದವರಿಗೆ ಸ್ವಂತ ಗಾಡಿಯ ರಿಪೇರಿ ಖರ್ಚು ಸಿಗುವುದಿಲ್ಲ.

ಈಗಾಗಲೇ ಸಹಿ ಹಾಕಿದ್ದರೆ? ಬಾಗಿಲು ಮುಚ್ಚಿಲ್ಲ. ಷರತ್ತು ಮುರಿದದ್ದನ್ನು ರುಜುವಾತು ಮಾಡುವ ಹೊಣೆ ಕಂಪನಿಯದು. ಅಮಲೇಂದು ಸಾಹು ಪ್ರಕರಣದಲ್ಲಿ (2010) ಸುಪ್ರೀಂ ಕೋರ್ಟ್, ಖಾಸಗಿ ಕಾರನ್ನು ಬಾಡಿಗೆಗೆ ಬಿಟ್ಟಿದ್ದರು ಎಂಬ ಆಕ್ಷೇಪವಿದ್ದರೂ ಕ್ಲೇಮನ್ನು ಪೂರ್ತಿ ತಳ್ಳಿಹಾಕುವಂತಿಲ್ಲ ಎಂದಿತು. ಬಿಳಿ ಬೋರ್ಡಿನಲ್ಲಿ ಹೋಮ್‌ಸ್ಟೇ ಅತಿಥಿಗಳನ್ನು ತಿರುಗಿಸುವವರು ಇದನ್ನು ಪರವಾನಗಿ ಎಂದುಕೊಳ್ಳಬೇಡಿ. ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಶುಲ್ಕವಿಲ್ಲ, ವಕೀಲರಿಗೆ ಪ್ರವೇಶವೂ ಇಲ್ಲ. ನನ್ನ ಹೊಟ್ಟೆಪಾಡಿನ ವಿರುದ್ಧ ನಾನೇ ಹೇಳುತ್ತಿದ್ದೇನೆ. ಇಲ್ಲವೇ ಎರಡು ವರ್ಷದೊಳಗೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗ. ಎರಡೂ ಕಡೆ ಒಟ್ಟಿಗೆ ಹೋಗುವಂತಿಲ್ಲ.

ಬೇರೆಯವರ ಗಾಡಿಯಿಂದ ಪೆಟ್ಟಾದವರಿಗೆ ‘ಅವರ ಟಯರ್ ಒಡೆದದ್ದು, ಪರಿಹಾರ ಬರಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಟಯರ್ ಸವೆದಿತ್ತು ಎಂಬ ನೆಪ ಹೇಳಿ ನಿಮಗೆ ಕೊಡಬೇಕಾದ್ದನ್ನು ಕಂಪನಿ ತಪ್ಪಿಸಿಕೊಳ್ಳಲು ಕಲಂ 150 ಅವಕಾಶ ಕೊಟ್ಟಿಲ್ಲ. ನೀವು ವಾಸವಿರುವ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು, ಆರು ತಿಂಗಳೊಳಗೆ ಹಾಕಿಬಿಡಿ. ಹೆಣ್ಣುಮಕ್ಕಳಿಗೆ, ಸಿದ್ದಿಯರು ಸೇರಿದಂತೆ ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಸಮಿತಿ ಉಚಿತವಾಗಿ ವಕೀಲರನ್ನು ಕೊಡುತ್ತದೆ.

ಹೊಸ ಟಯರ್ ಕೊಳ್ಳುವಾಗ ಪಕ್ಕದ ನಾಲ್ಕಂಕಿ ಓದಿ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ‘ಹೊಸ ಸ್ಟಾಕ್’ ಎಂಬ ಮಾತಿಗೆ ಮರುಳಾಗಬೇಡಿ. ಬಿಲ್ಲಿನಲ್ಲಿ ಟಯರಿನ ನಂಬರ್ ಬರೆಸಿ. ಮಷಿನ್ ಬಿಲ್ಲಿನ ಅಕ್ಷರ ವರ್ಷದೊಳಗೆ ಮಾಸಿಹೋಗಬಹುದು, ಅವತ್ತೇ ಜೆರಾಕ್ಸ್ ಮಾಡಿಸಿಡಿ.