ಊರು ಬಿಟ್ಟು ಚಿತ್ರ ಕಲಿಯುವವರಿಗೆ

ಬಾಗಲಕೋಟೆ, ಹುನಗುಂದ, ಇಳಕಲ್ ಕಡೆಯಿಂದ ಬೆಂಗಳೂರಿಗೋ ಬರೋಡಕ್ಕೋ ಚಿತ್ರಕಲೆ ಕಲಿಯಲು ಹೊರಟ ಮಕ್ಕಳಲ್ಲಿ ಎರಡು ಭಯ ಕಂಡಿದ್ದೇನೆ. ಅಲ್ಲಿ ನಾವು ಹಳ್ಳಿಯವರಾಗಿ ಕಾಣುತ್ತೇವೇನೋ ಎಂಬುದು ಒಂದು. ಅಲ್ಲಿಯದನ್ನೆಲ್ಲ ಕಲಿತು ನಮ್ಮದನ್ನು ಕಳಕೊಳ್ಳುತ್ತೇವೇನೋ ಎಂಬುದು ಇನ್ನೊಂದು. ಮೊದಲನೆಯದು ಒಂದು ಸೆಮಿಸ್ಟರ್ ಮುಗಿಯುವುದರೊಳಗೆ ತಾನೇ ಇಳಿಯುತ್ತದೆ. ಎರಡನೆಯದು ದೊಡ್ಡವರನ್ನೂ ಕಾಡಿದೆ.

ಚೀನಾದ ಜಾವೊ ವೂ-ಕಿ 1948ರಲ್ಲಿ ಪ್ಯಾರಿಸ್ಸಿಗೆ ಹೋದ. ಅಜ್ಜನ ಹತ್ತಿರ ಕುಂಚದಿಂದ ಅಕ್ಷರ ತಿದ್ದಿದವನು, ಹಾಂಗ್‌ಝೌ ಕಲಾಶಾಲೆಯಲ್ಲಿ ಓದಿದವನು. ಪ್ಯಾರಿಸ್ಸಿಗೆ ಬಂದವನೇ ಶಾಯಿಯನ್ನು ಬದಿಗಿಟ್ಟು ತೈಲವರ್ಣ ಹಿಡಿದ. ‘ಚೀನೀ ಚಿತ್ರಗಾರ’ ಎಂಬ ಹಣೆಪಟ್ಟಿ ಅವನಿಗೆ ಬೇಡವಾಗಿತ್ತು. ತಮಾಷೆಯೆಂದರೆ, ಸ್ವಿಟ್ಜರ್ಲೆಂಡಿನಲ್ಲಿ ಪಾಲ್ ಕ್ಲೀಯ ಚಿತ್ರಗಳನ್ನು ಕಂಡಾಗ ಚೀನಾ ಅವನಿಗೆ ಮತ್ತೆ ಎದುರಾಯಿತು. 1954ರ ಹೊತ್ತಿಗೆ ಹಳೆಯ ಚೀನೀ ಮೂಳೆ, ಕಂಚಿನ ಮೇಲಿನ ಲಿಪಿಯಂಥ ಗುರುತುಗಳು ಅವನ ಕ್ಯಾನ್ವಾಸಿಗೆ ಇಳಿದವು. ಶಾಯಿಯನ್ನೇ ಮತ್ತೆ ಕೈಗೆತ್ತಿಕೊಂಡದ್ದು ಮಾತ್ರ 1970ರ ದಶಕದ ಆರಂಭದಲ್ಲಿ, ಹೆಂಡತಿ ಕಾಯಿಲೆ ಬಿದ್ದು ತೀರಿಕೊಂಡ ಕಾಲದಲ್ಲಿ, ಗೆಳೆಯ ಕವಿ ಆಂರಿ ಮಿಶೋ ಒತ್ತಾಯ ಮಾಡಿದ ಮೇಲೆ.

ನಡುವಿನ ಇಪ್ಪತ್ತು ಚಿಲ್ಲರೆ ವರ್ಷ ದಂಡವಾದವೇ? ನನಗೆ ಹಾಗನ್ನಿಸುವುದಿಲ್ಲ. ತೈಲವರ್ಣದಲ್ಲಿ ತಪ್ಪಿದರೆ ಮೇಲೊಂದು ಪದರ ಹಚ್ಚಬಹುದು. ಶಾಯಿಯನ್ನು ಕಾಗದ ಮುಟ್ಟಿದ ಕ್ಷಣವೇ ಹೀರಿಬಿಡುತ್ತದೆ, ಅಲ್ಲಿ ತಿದ್ದುಪಡಿಯಿಲ್ಲ. ಎರಡೂ ಶಿಸ್ತು ಕೈಗೆ ಹತ್ತಿದ ಮೇಲೆ ಅವನ ದೊಡ್ಡ ಕ್ಯಾನ್ವಾಸುಗಳಲ್ಲಿ ತೈಲವೂ ಶಾಯಿಯಷ್ಟು ತೆಳ್ಳಗೆ ಹರಿಯಿತು, ಖಾಲಿ ಬಿಟ್ಟ ಜಾಗಕ್ಕೂ ಬೆಲೆ ಬಂತು.

ನಮ್ಮವರನ್ನೇ ನೋಡಿ. ಆರ್. ಎಂ. ಹಡಪದ ಬಾದಾಮಿಯವರು. ಬೆಂಗಳೂರಿಗೆ ಹೋಗಿ ಕೆನ್ ಕಲಾಶಾಲೆ ಕಟ್ಟಿದರು. ಅವರ ಹತ್ತಿರ ಕಲಿತ ಜೆ. ಎಂ. ಎಸ್. ಮಣಿ ಮುಂದೆ ಅದೇ ಶಾಲೆಯ ಪ್ರಾಂಶುಪಾಲರಾದರು. ಮಣಿಯವರಿಗೆ ಹೆಸರು ತಂದದ್ದು ಬಾದಾಮಿ ಸರಣಿ: ಇಲ್ಲಿಯ ಹೆಣ್ಣುಮಕ್ಕಳು, ಗಂಡಸರು, ಕೂತಲ್ಲಿ ನಿಂತಲ್ಲಿ, ಕಣ್ಣು ಕುಕ್ಕುವ ಬಣ್ಣದಲ್ಲಿ. ನಾವು ಊರಲ್ಲೇ ಇದ್ದವರು ಗುಹೆಯ ಕಂಬಗಳನ್ನೇ ಬರೆಯುತ್ತ ಕೂತಿದ್ದೆವು, ಪಕ್ಕದಲ್ಲಿ ನಿಂತ ಮನುಷ್ಯರನ್ನು ಬೆಂಗಳೂರಿನವರು ಬಂದು ನೋಡಬೇಕಾಯಿತು!

ಅದೇ ಶಾಲೆಯ ಇನ್ನೊಬ್ಬರು ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ. ಕೆನ್ ಆಯಿತು, ಶಾಂತಿನಿಕೇತನ ಆಯಿತು, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್ ಆಯಿತು. ಇಷ್ಟೆಲ್ಲ ಓದಿ ಬಂದವರು 1990ರ ದಶಕದಲ್ಲಿ ಕೈಗೆತ್ತಿಕೊಂಡದ್ದು ಸಗಣಿ. ಆಮೇಲೆ ಕುಂಕುಮ, ಸೂಜಿ, ದಾರ. ಉದ್ದುದ್ದ ದಾರವನ್ನು ಸೂಜಿಗಳಲ್ಲಿ ಪೋಣಿಸಿ, ಕುಂಕುಮ ಹಚ್ಚಿ, ಹಗ್ಗವಾಗಿ ಗೋಡೆ ನೆಲದ ಮೇಲೆ ಹರಿಯಬಿಟ್ಟರು. 2009ರಲ್ಲಿ ವೆನಿಸ್ ಬಿನಾಲೆಯಲ್ಲಿ ಅವರ ಕೃತಿಯಿತ್ತು. ಗಮನಿಸಿ, ಸಗಣಿಯನ್ನು ‘ನಮ್ಮ ಹಳ್ಳಿ ಎಷ್ಟು ಚೆಂದ’ ಎಂದು ತೋರಿಸಲು ಅವರು ಬಳಸಲಿಲ್ಲ. ಅದು ಅವರಿಗೆ ಯೋಚಿಸುವ ಸಾಮಗ್ರಿಯಾಗಿತ್ತು.

ನೀವು ಎಡವುವುದು ಇಲ್ಲೇ. ಹೊರಗೆ ಹೋದ ಕೂಡಲೇ ಜನ ಕೇಳುತ್ತಾರೆ: ಇಳಕಲ್ ಸೀರೆಯ ಹುಡುಗಿಯನ್ನು ಬರಿ, ಬನಶಂಕರಿ ಜಾತ್ರೆ ಬರಿ. ದುಡ್ಡೂ ಕೊಡುತ್ತಾರೆ. ಒಂದೆರಡು ಬರೆದು ರೂಮಿನ ಬಾಡಿಗೆ ಕಟ್ಟಿರಿ, ತಪ್ಪೇನಿಲ್ಲ. ಆದರೆ ಅದಕ್ಕೆ ನಿಮ್ಮ ಕಲೆ ಎಂದು ಹೆಸರಿಡಬೇಡಿ. ಊರನ್ನು ಮುಚ್ಚಿಡುವುದು ಹೇಗೆ ಸಣ್ಣತನವೋ ಮಾರುವುದೂ ಹಾಗೇ. ಊರು ತಾನಾಗಿ ಕೈಗೆ ಬರುವ ತನಕ ಮಾದರಿಯನ್ನು ಕೂರಿಸಿ ರೇಖೆ ತೆಗೆಯಿರಿ, ತೈಲ ಕಲಿಯಿರಿ, ಜಲವರ್ಣ ಕೆಡಿಸಿರಿ.

ಇಳಕಲ್ ಮಗ್ಗದ ಕೊಂಡಿಯನ್ನು ನೀವು ಬಲ್ಲಿರಿ. ಮೈಯ ಹಾಸು ಹತ್ತಿ, ಸೆರಗಿನ ಹಾಸು ರೇಷ್ಮೆ. ಎರಡನ್ನೂ ಕಲಸಿ ಒಂದು ನೂಲು ಮಾಡುವುದಿಲ್ಲ. ಎಳೆಗೆ ಎಳೆ ಕೊಂಡಿ ಹಾಕಿ ಮುಂದೆ ನೇಯುತ್ತಾರೆ. ಎರಡು ಕಲೆಗಳು ಕೂಡುವುದೂ ಹೀಗೆಯೇ, ಎರಡೂ ಕಡೆಯ ಎಳೆ ಗಟ್ಟಿಯಿದ್ದರೆ ಮಾತ್ರ.

ಕೂಡಿಸಿದ್ದೆಲ್ಲ ಚೆಂದವಾಗುತ್ತದೆ ಎಂದೂ ನಂಬಬೇಡಿ. ಪಟ್ಟದಕಲ್ಲಿನ ಪಾಪನಾಥ ಗುಡಿಗೆ ಉತ್ತರದ ಶಿಖರ, ದಕ್ಷಿಣದ ಗೋಡೆಯಲಂಕಾರ. ಉದ್ದನೆಯ ಮಂಟಪದ ತುದಿಯಲ್ಲಿ ಆ ಶಿಖರ ಗಿಡ್ಡವಾಯಿತು ಎಂದೇ ನನ್ನ ಅಭಿಪ್ರಾಯ. ದ್ರಾವಿಡ ಶೈಲಿಯನ್ನೇ ನೆಚ್ಚಿದ ವಿರೂಪಾಕ್ಷ ಗುಡಿ ಅದಕ್ಕಿಂತ ಮೇಲು. ಆದರೂ ಕಟ್ಟಿ ನೋಡಿದರಲ್ಲ, ಆ ಎದೆಗಾರಿಕೆ ಬೇಕು.

ಹೊರಡುವ ಮೊದಲು ಬಾದಾಮಿಯ ಮೂರನೇ ಗುಹೆಗೊಮ್ಮೆ ಹೋಗಿ. ಶಕ 500ರಲ್ಲಿ, ಅಂದರೆ ಕ್ರಿ.ಶ. 578ರಲ್ಲಿ, ಮಂಗಳೇಶ ಮಾಡಿಸಿದ್ದೆಂದು ಶಾಸನವಿದೆ. ಬಹಳ ಜನ ವಿಷ್ಣುವಿನ ಮೂರ್ತಿಗಳನ್ನು ನೋಡಿ ಇಳಿದುಬಿಡುತ್ತಾರೆ. ನೀವು ಕತ್ತೆತ್ತಿ ಲೋವೆಯ ಒಳಬಾಗನ್ನು ನೋಡಿ. ಮಾಸಿದ ಬಣ್ಣದಲ್ಲಿ ಅರಮನೆಯ ದೃಶ್ಯ, ಕುಣಿಯುವವರು, ವಾದ್ಯದವರು ಇದ್ದಾರೆ. 1930ರ ದಶಕದಲ್ಲಿ ಇವುಗಳ ಬಗ್ಗೆ ಲೋಕಕ್ಕೆ ಬರೆದು ತಿಳಿಸಿದವರು ಆಸ್ಟ್ರಿಯಾದಿಂದ ಬಂದ ಸ್ಟೆಲ್ಲಾ ಕ್ರಾಮ್ರಿಷ್, ಕೂತು ಪ್ರತಿ ತೆಗೆದವರು ಮುಂಬಯಿಯ ಕಲಾವಿದ ಜೆ. ಎಂ. ಅಹಿವಾಸಿ. ಅವರು ಮಾಡಿದ ಕೆಲಸವನ್ನು ಈ ನೆಲದ ಮಕ್ಕಳೂ ಮಾಡಲಿ. ಫೋನು ಕಿಸೆಯಲ್ಲಿರಲಿ, ಪೆನ್ಸಿಲಿನಲ್ಲಿ ಒಂದು ತೋಳಿನ ಗೆರೆಯನ್ನಾದರೂ ಹಿಡಿದು ತನ್ನಿ. ಬೆಂಗಳೂರಿನ ಬಸ್ಸನ್ನು ಆಮೇಲೆ ಹತ್ತಿರಿ.