26 ಅಂಕಿಗಳ ಗುಣಾಕಾರ: ಪೆನ್ಸಿಲ್ ಹಿಡಿದು ತಾಳೆ ನೋಡುವುದು ಹೇಗೆ?

1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಕಂಪ್ಯೂಟರ್ ವಿಭಾಗದವರು ಬೆಂಗಳೂರಿನ ಶಕುಂತಲಾ ದೇವಿ ಅವರ ಮುಂದೆ ಎರಡು ಸಂಖ್ಯೆಗಳನ್ನಿಟ್ಟರು: 7686369774870 ಮತ್ತು 2465099745779. ಮನಸ್ಸಿನಲ್ಲೇ ಗುಣಿಸಿ 28 ಸೆಕೆಂಡಿನಲ್ಲಿ ಅವರು ಹೇಳಿದ ಉತ್ತರ 18947668177995426462773730. ಗಿನ್ನೆಸ್ ದಾಖಲೆಗೆ ಸೇರಿದ ಲೆಕ್ಕವಿದು.

ಉತ್ತರ ಸರಿಯೇ ಎಂದು ಎಕ್ಸೆಲ್‌ನಲ್ಲಿ ಗುಣಿಸಿದರೆ ಪ್ರಯೋಜನವಿಲ್ಲ. ಅದು 15 ಅಂಕಿಗಳನ್ನಷ್ಟೇ ಉಳಿಸಿಕೊಂಡು ಮಿಕ್ಕಲ್ಲಿ ಸೊನ್ನೆ ತುಂಬುತ್ತದೆ. ಪೆನ್ಸಿಲ್ಲೇ ವಾಸಿ.

ಮೊದಲು ಬಾಲ ನೋಡಿ. ಎರಡೂ ಸಂಖ್ಯೆಗಳ ಕೊನೆಯ ಮೂರಂಕಿ 870 ಮತ್ತು 779. ಗುಣಿಸಿದರೆ 677730. ಉತ್ತರವೂ 730ರಲ್ಲೇ ಮುಗಿದಿದೆ.

ಮುಂದಿನದು ಒಂಬತ್ತರ ತಾಳೆ. 10, 100, 1000 ಯಾವುದನ್ನು 9ರಿಂದ ಭಾಗಿಸಿದರೂ ಉಳಿಯುವುದು 1. ಹಾಗಾಗಿ ಅಂಕಿಗಳನ್ನು ಕೂಡಿದರೆ ಸಾಕು, ಶೇಷ ಸಿಗುತ್ತದೆ. ಮೊದಲ ಸಂಖ್ಯೆಯ ಮೊತ್ತ 78. ಮತ್ತೆ ಕೂಡಿದರೆ 15, ಕೊನೆಗೆ 6. ಎರಡನೆಯದು 74, 11, ಕೊನೆಗೆ 2. ಆರೆರಡ್ಲ ಹನ್ನೆರಡು, ಅಂದರೆ 3. ಉತ್ತರದ ಅಂಕಿಗಳ ಮೊತ್ತ 138. ಅದೂ 12 ಆಗಿ 3ಕ್ಕೇ ಇಳಿಯುತ್ತದೆ. ಆದರೆ ಇದನ್ನೊಂದೇ ನಂಬಬೇಡಿ. ಬರೆಯುವಾಗ ಎರಡು ಅಂಕಿ ಹಿಂದುಮುಂದಾದರೆ ಮೊತ್ತ ಬದಲಾಗುವುದಿಲ್ಲ, ತಪ್ಪು ನುಸುಳಿಕೊಳ್ಳುತ್ತದೆ.

ಅದನ್ನು ಹಿಡಿಯುವುದು ಹನ್ನೊಂದು. ಬಲತುದಿಯಿಂದ ಎಣಿಸುತ್ತ 1, 3, 5ನೆಯ ಹೀಗೆ ಬೆಸ ಸ್ಥಾನದ ಅಂಕಿಗಳನ್ನು ಒಂದು ಕಡೆ, ಸಮ ಸ್ಥಾನದವನ್ನು ಇನ್ನೊಂದು ಕಡೆ ಕೂಡಿ ವ್ಯತ್ಯಾಸ ನೋಡಿ. ಅಕ್ಕಪಕ್ಕದ ಎರಡು ಬೇರೆ ಅಂಕಿಗಳು ಅದಲುಬದಲಾಗಿದ್ದರೆ ಇಲ್ಲಿ ಖಂಡಿತ ಸಿಕ್ಕಿಬೀಳುತ್ತವೆ. ಎರಡನೆಯ ಸಂಖ್ಯೆಯಲ್ಲಿ ಆ ಕಡೆ 37, ಈ ಕಡೆಯೂ 37! ವ್ಯತ್ಯಾಸ ಸೊನ್ನೆ, ಅಂದರೆ ಅದು 11ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಹಾಗಿದ್ದರೆ ಮೊದಲ ಸಂಖ್ಯೆಯನ್ನು ಮುಟ್ಟುವುದೇ ಬೇಡ. ಉತ್ತರವೂ 11ರಿಂದ ಭಾಗವಾಗಲೇಬೇಕು. ಕೂಡಿ ನೋಡಿದರೆ 69 ಮತ್ತು 69. ಆಕಸ್ಮಿಕವಾಗಿ ಆರಿಸಿದ ಸಂಖ್ಯೆಯೊಳಗೆ ಇಂಥದ್ದು ಅಡಗಿ ಕೂತಿತ್ತು.

ಉತ್ಸಾಹ ಉಳಿದಿದ್ದರೆ 1001ಕ್ಕೆ ಬನ್ನಿ. ಇದು 7, 11, 13ರ ಗುಣಲಬ್ಧ. ಮೂರಕ್ಕೂ ಒಂದೇ ಪರೀಕ್ಷೆ ಸಾಕು. ಬಲದಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿ, ಒಂದನ್ನು ಕೂಡಿ ಮುಂದಿನದನ್ನು ಕಳೆಯುತ್ತ ಹೋಗಿ. ಮೊದಲ ಸಂಖ್ಯೆಗೆ −214, ಎರಡನೆಯದಕ್ಕೆ −330, ಉತ್ತರಕ್ಕೆ 550 ಬರುತ್ತದೆ. 214 ಮತ್ತು 330ನ್ನು ಗುಣಿಸಿದರೆ 70620. ಅದನ್ನು 1001ರಿಂದ ಭಾಗಿಸಿದಾಗ ಉಳಿಯುವುದೂ 550. ಈ 550 ಏಳರಿಂದಲೂ ಹದಿಮೂರರಿಂದಲೂ ಭಾಗವಾಗದ್ದರಿಂದ ಉತ್ತರವೂ ಭಾಗವಾಗದು.

ಹೀಗೆ ತಾಳೆ ನೋಡುತ್ತಲೇ ಆ ದೈತ್ಯ ಸಂಖ್ಯೆಯ ಗುಣಗಳೂ ಕೈಗೆ ಸಿಕ್ಕಿವೆ. ಕೊನೆಯಲ್ಲಿ ಸೊನ್ನೆ ಇರುವುದರಿಂದ 2 ಮತ್ತು 5, ಮೊತ್ತ 138 ಆದ್ದರಿಂದ 3, ಜೊತೆಗೆ 11: ಒಟ್ಟು 330ರಿಂದ ಭಾಗವಾಗುತ್ತದೆ. 4ರಿಂದಾಗಲಿ 9ರಿಂದಾಗಲಿ ಆಗುವುದಿಲ್ಲ. ಇಷ್ಟೆಲ್ಲ ತಾಳೆಯಾದರೂ ಉತ್ತರ ತಪ್ಪಿರಲು ಸಾಧ್ಯವೇ? ಸಾಧ್ಯ. ಆದರೆ ಆ ತಪ್ಪು ಸರಿಯಾಗಿ 90,09,000ದ ಅಪವರ್ತ್ಯವೇ ಆಗಿರಬೇಕು.